ಸ್ನಾಯುವಿನ ಸ್ಲೈಡ್ ಗುರುತಿಸುವುದು ಹೇಗೆ: ಮೊದಲು ನ್ಯೂಕ್ಲಿಯಸ್, ಆಮೇಲೆ ಪಟ್ಟೆ

ಪ್ರಾಕ್ಟಿಕಲ್ ಪರೀಕ್ಷೆಯ ಸ್ಪಾಟರ್ ಮೇಜಿನ ಮೇಲೆ ಅಸ್ಥಿ, ಹೃದಯ, ನಯ ಎಂಬ ಮೂರು ಬಗೆಯ ಸ್ನಾಯುವಿನ ಸ್ಲೈಡ್‌ಗಳೂ ಮೇಲ್ನೋಟಕ್ಕೆ ಒಂದೇ ಥರದ ಗುಲಾಬಿ. ಎಚ್ ಅಂಡ್ ಇ ಬಣ್ಣ ಹಾಕಿದಾಗ ಸ್ನಾಯುವಿನ ಪ್ರೋಟೀನ್ ಇಯೊಸಿನ್ ಹೀರಿ ಗುಲಾಬಿಯಾಗುತ್ತದೆ, ನ್ಯೂಕ್ಲಿಯಸ್ ಹೆಮಟಾಕ್ಸಿಲಿನ್ ಹೀರಿ ನೀಲಿಯಾಗುತ್ತದೆ, ಅಷ್ಟೇ. ಹೆಚ್ಚಿನವರು ಕಣ್ಣಿಟ್ಟ ಕೂಡಲೇ ಅಡ್ಡಪಟ್ಟೆ ಹುಡುಕುತ್ತಾರೆ. ಕಂಡರೆ ಅಸ್ಥಿ ಸ್ನಾಯು, ಕಾಣದಿದ್ದರೆ ನಯ ಸ್ನಾಯು ಎಂದು ಬರೆದು ಮುಂದಿನ ಸ್ಲೈಡಿಗೆ ಹೋಗಿಬಿಡುತ್ತಾರೆ. ಎಡವುವುದು ಇಲ್ಲೇ. ಹೃದಯ ಸ್ನಾಯುವಿಗೂ ಪಟ್ಟೆ ಇದೆ. ಬೆಳಕು ಹೆಚ್ಚಾದರೆ ಅಸ್ಥಿ ಸ್ನಾಯುವಿನ ಪಟ್ಟೆಯೂ ಮಾಯ. ನ್ಯೂಕ್ಲಿಯಸ್ ಹಾಗೆ ಕೈಕೊಡುವುದಿಲ್ಲ. ಸ್ನಾಯುವಿನ ದಾರದಂಥ ಎಳೆಯಲ್ಲಿ ಅದು ಎಲ್ಲಿ ಕೂತಿದೆ, ಯಾವ ಆಕಾರದ್ದು ಎಂಬುದನ್ನು ಮೊದಲು ನೋಡಿ.

ಸ್ಲೈಡ್ ಇಡುವಾಗ ಅಂಗಾಂಶವನ್ನು ಮುಚ್ಚಿರುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ಮೇಲಿರಲಿ. ತಲೆಕೆಳಗಾಗಿ ಇಟ್ಟರೂ ನಾಲ್ಕು, ಹತ್ತು ಪಟ್ಟು ದೊಡ್ಡದು ಮಾಡುವ 4ಎಕ್ಸ್, 10ಎಕ್ಸ್ ಲೆನ್ಸ್‌ಗಳಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. 40ಎಕ್ಸ್‌ನಲ್ಲಿ ಮಾತ್ರ ಏನು ಮಾಡಿದರೂ ಫೋಕಸ್ ಸಿಗುವುದಿಲ್ಲ. ಆ ಲೆನ್ಸ್ ಅಂಗಾಂಶದಿಂದ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ಇರಬೇಕು, ಅಡ್ಡ ಬಂದಿರುವ ಸ್ಲೈಡಿನ ಗಾಜೇ ಸುಮಾರು ಒಂದು ಮಿಲಿಮೀಟರ್ ದಪ್ಪ. ಹಟಕ್ಕೆ ಬಿದ್ದು ಫೋಕಸ್ಸಿನ ದೊಡ್ಡ ತಿರುಗಣೆಯಾದ ಕೋರ್ಸ್ ನಾಬ್ ತಿರುಗಿಸಿದರೆ ಗಾಜು ಒಡೆಯುತ್ತದೆ. 4ಎಕ್ಸ್‌ನಲ್ಲಿ ಎಳೆಗಳು ಉದ್ದಕ್ಕೆ ಮಲಗಿರುವ ಜಾಗ ಹುಡುಕಿ ನಡುವಿಗೆ ತನ್ನಿ, 10ಎಕ್ಸ್‌ನಲ್ಲಿ ಫೋಕಸ್ ಮಾಡಿ, 40ಎಕ್ಸ್‌ಗೆ ಬಂದ ಮೇಲೆ ಫೋಕಸ್ಸಿಗೆ ಸೂಕ್ಷ್ಮ ತಿರುಗಣೆಯಾದ ಫೈನ್ ನಾಬ್ ಮಾತ್ರ. ಅಳತೆಗೆ ಸ್ಕೇಲ್ ಸ್ಲೈಡಿನೊಳಗೇ ಇದೆ: ಎಳೆಗಳ ನಡುವಿನ ಲೋಮನಾಳದಲ್ಲಿ ಸಿಕ್ಕಿರುವ ಕೆಂಪು ರಕ್ತಕಣ, ಸುಮಾರು 7 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲ.

ಆ ಕಣವನ್ನು ಅಡ್ಡಕ್ಕೆ ಆರೇಳು ಸಾಲಾಗಿ ಜೋಡಿಸಿದಷ್ಟು ದಪ್ಪದ ಎಳೆ, ಅಂಚಿನಲ್ಲಿ ಪೊರೆಗೆ ಅಂಟಿಕೊಂಡ ಚಪ್ಪಟೆ ನ್ಯೂಕ್ಲಿಯಸ್‌ಗಳ ಸಾಲು ಕಂಡರೆ ಅದು ಅಸ್ಥಿ ಸ್ನಾಯು. ಎಳೆಯ ದಪ್ಪ 10ರಿಂದ 100 ಮೈಕ್ರಾನ್‌ವರೆಗೆ ಇರುತ್ತದೆ. ಭ್ರೂಣದಲ್ಲಿ ಅನೇಕ ಕೋಶಗಳು ಬೆಸೆದು ಒಂದು ಎಳೆಯಾಗುವುದರಿಂದ ನ್ಯೂಕ್ಲಿಯಸ್‌ಗಳು ಹಲವು. ಒಳಗೆಲ್ಲ ಸಂಕುಚಿಸುವ ತಂತುಗಳೇ ತುಂಬಿಕೊಳ್ಳುವುದರಿಂದ ನ್ಯೂಕ್ಲಿಯಸ್‌ಗಳಿಗೆ ಉಳಿಯುವುದು ಅಂಚು. ಎಳೆಯ ಮೇಲ್ಮೈಯನ್ನು ಸವರಿದಂತೆ ಕತ್ತರಿಸಿದ ಕಡೆ ನ್ಯೂಕ್ಲಿಯಸ್ ನಡುವೆ ಕೂತಂತೆ ತೋರುತ್ತದೆ. ಒಂದೆರಡನ್ನು ನೋಡಿ ಮರುಳಾಗದೆ ಹತ್ತು ಎಳೆ ನೋಡಿ.

ಈಗ ಪಟ್ಟೆ. ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಮೇಲಕ್ಕೇ ಇರಲಿ. ಅದರ ಬೆಳಕಿನ ಕಿಂಡಿಯಾದ ಐರಿಸ್ ಅನ್ನು ನಿಧಾನವಾಗಿ ಮುಚ್ಚುತ್ತ, ಇನ್ನೊಂದು ಕೈಯಲ್ಲಿ ಫೈನ್ ನಾಬನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ. ಬರೀ ಗುಲಾಬಿಯಾಗಿದ್ದ ಎಳೆಯಲ್ಲಿ ಜಮಖಾನದ ಹಾಗೆ ಒಂದು ಗಾಢ, ಒಂದು ತೆಳು ಪಟ್ಟೆ ಮೂಡಿ ಬರುತ್ತದೆ. ಗಾಢವಾದದ್ದು ಎ ಪಟ್ಟಿ, ದಪ್ಪ ಮಯೋಸಿನ್ ತಂತುಗಳ ಜಾಗ, ಸುಮಾರು 1.6 ಮೈಕ್ರಾನ್. ತೆಳುವಾದದ್ದು ಐ ಪಟ್ಟಿ, ಅಲ್ಲಿ ಆಕ್ಟಿನ್ ತಂತು ಮಾತ್ರ. ಸ್ನಾಯು ಸಂಕುಚಿಸುವಾಗ ಯಾವ ತಂತುವೂ ಗಿಡ್ಡವಾಗುವುದಿಲ್ಲ, ಒಂದರ ನಡುವೆ ಇನ್ನೊಂದು ಜಾರುತ್ತದೆ. ಹಾಗಾಗಿ ಎ ಪಟ್ಟಿಯ ಅಗಲ ಹಾಗೇ ಉಳಿದು ಐ ಪಟ್ಟಿ ಕಿರಿದಾಗುತ್ತದೆ. ಎರಡು ಬೇರೆ ಬೇರೆ ತಂಡಗಳು 1954ರಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಒಂದೇ ಸ್ಲೈಡಿನಲ್ಲಿ ಒಂದು ಕಡೆ ಪಟ್ಟೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ, ಎಳೆಗಳು ಬೇರೆ ಬೇರೆ ಸ್ಥಿತಿಯಲ್ಲಿ ಗಟ್ಟಿಯಾಗಿವೆ. ಐ ಪಟ್ಟಿಯ ನಡುವಿನ ಜೆಡ್ ಗೆರೆ 40ಎಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣದು. ಪುಸ್ತಕದ ಚಿತ್ರ ನೆನಪಿಟ್ಟುಕೊಂಡು ರೆಕಾರ್ಡಿನಲ್ಲಿ ಅದನ್ನು ಬರೆದರೆ, ನೀವು ಲೆನ್ಸಿನಲ್ಲಿ ನೋಡಿಲ್ಲ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

ಸುಳ್ಳು ಪಟ್ಟೆಗಳೂ ಇವೆ. ಐರಿಸ್ ಪೂರ್ತಿ ಮುಚ್ಚಿದರೆ ಪ್ರತಿ ಅಂಚಿನ ಪಕ್ಕದಲ್ಲೂ ಇಲ್ಲದ ಗೆರೆಗಳು ಹುಟ್ಟುತ್ತವೆ. ಅಂಗಾಂಶವನ್ನು ತೆಳ್ಳಗೆ ಕತ್ತರಿಸುವ ಯಂತ್ರವಾದ ಮೈಕ್ರೋಟೋಮಿನ ಬ್ಲೇಡ್ ನಡುಗಿದ್ದರೂ ಗೆರೆ ಬೀಳುತ್ತವೆ, ಆದರೆ ಅವು ಎಳೆ, ಎಳೆಗಳ ನಡುವಿನ ಸಂಯೋಜಕ ಅಂಗಾಂಶ ಎಲ್ಲವನ್ನೂ ಸಾರಾಸಗಟಾಗಿ ದಾಟಿ ಹೋಗುತ್ತವೆ. ನಿಜವಾದ ಪಟ್ಟೆ ತನ್ನ ಎಳೆಯ ಅಂಚಿಗೆ ಬಂದು ನಿಲ್ಲುತ್ತದೆ.

ಪಟ್ಟೆ ಇದೆ, ಆದರೆ ನ್ಯೂಕ್ಲಿಯಸ್ ಎಳೆಯ ನಡುವೆ ಇದೆ, ಒಂದು ಕೋಶಕ್ಕೆ ಒಂದು, ಎಲ್ಲೋ ಎರಡು ಎಂದರೆ ಹೃದಯ ಸ್ನಾಯು. ನ್ಯೂಕ್ಲಿಯಸ್ಸಿನ ಎರಡೂ ತುದಿಯಲ್ಲಿ ತಂತುಗಳಿಲ್ಲದ ತೆಳು ಜಾಗ ಉಳಿದಿರುತ್ತದೆ. ವಯಸ್ಸಾದವರ ಹೃದಯವಾದರೆ ಅಲ್ಲಿ ಹಳದಿ ಮಿಶ್ರಿತ ಕಂದು ಕಣಗಳೂ ಕಾಣುತ್ತವೆ. ಎಳೆಗಳು ಕೊಂಬೆಯೊಡೆದು ಪಕ್ಕದ ಎಳೆಗೆ ಸೇರುತ್ತವೆ. ಎಳೆಗೆ ಅಡ್ಡಲಾಗಿ, ಮೆಟ್ಟಿಲಿನ ಹಾಗೆ ಹತ್ತಿಳಿದು ಹೋಗುವ ಗಾಢ ಗೆರೆ ಇಂಟರ್‌ಕ್ಯಾಲೇಟೆಡ್ ಡಿಸ್ಕ್, ಎರಡು ಕೋಶಗಳ ಕೀಲು. ಅಲ್ಲಿನ ಡೆಸ್ಮೋಸೋಮ್‌ಗಳು ಮಿಡಿತದ ಎಳೆತಕ್ಕೆ ಕೋಶಗಳು ಬಿಟ್ಟುಕೊಳ್ಳದಂತೆ ಹಿಡಿಯುತ್ತವೆ, ಗ್ಯಾಪ್ ಜಂಕ್ಷನ್‌ಗಳು ವಿದ್ಯುತ್ ಸಂಕೇತವನ್ನು ಮುಂದಿನ ಕೋಶಕ್ಕೆ ದಾಟಿಸುತ್ತವೆ. ಎಚ್ ಅಂಡ್ ಇ ಸ್ಲೈಡಿನಲ್ಲಿ ಡಿಸ್ಕ್ ಮಸುಕಾಗಿರುವುದೇ ಹೆಚ್ಚು. ಅದಕ್ಕಾಗಿ ಐದು ನಿಮಿಷ ಕಳೆಯಬೇಡಿ. ನಡು ನ್ಯೂಕ್ಲಿಯಸ್, ಕೊಂಬೆ ಎರಡೂ ಸಿಕ್ಕರೆ ಸಾಕು.

ನಯ ಸ್ನಾಯುವಿನಲ್ಲೂ ಆಕ್ಟಿನ್, ಮಯೋಸಿನ್ ಇವೆ, ಆದರೆ ಸಾಲುಗಟ್ಟಿ ನಿಂತಿಲ್ಲ, ಅದಕ್ಕೇ ಪಟ್ಟೆ ಇಲ್ಲ. ಇಲ್ಲಿ ಜನ ಎಡವುವುದು ಸ್ನಾಯುರಜ್ಜು ಅಥವಾ ದಟ್ಟ ಕೊಲಾಜನ್ ಜೊತೆ, ಅದೂ ಗುಲಾಬಿ, ಅದೂ ಉದ್ದುದ್ದ. ಕೊಲಾಜನ್ನಿನಲ್ಲಿ ನ್ಯೂಕ್ಲಿಯಸ್ ಸೂಜಿಯಂತೆ ಸಪುರ, ಗಾಢ, ಎಳೆಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ನಯ ಸ್ನಾಯುವಿನಲ್ಲಿ ಅದು ಬೀಡಿಯ ಹಾಗೆ ಮೊಂಡು ತುದಿಯದು, ಕೋಶದ ಒಳಗೇ ಇರುತ್ತದೆ. ಕೋಶ ಸಂಕುಚಿಸಿದ್ದರೆ ಸ್ಕ್ರೂನಂತೆ ತಿರುಚಿಕೊಂಡಿರುತ್ತದೆ.

ಅಡ್ಡ ಸೀಳಿದ ಸ್ಲೈಡ್ ಕೊಟ್ಟರೆ ಪಟ್ಟೆಯ ಮಾತೇ ಇಲ್ಲ. ಅಂಚಿನಲ್ಲಿ ನ್ಯೂಕ್ಲಿಯಸ್ ಇರುವ ದೊಡ್ಡ ಬಹುಭುಜಗಳು ಅಸ್ಥಿ ಸ್ನಾಯು. ನಯ ಸ್ನಾಯು ದೊಡ್ಡ, ಸಣ್ಣ ಚುಕ್ಕೆಗಳ ಗುಂಪಾಗಿ ಕಾಣುತ್ತದೆ, ದೊಡ್ಡ ಚುಕ್ಕೆಗಳಲ್ಲಿ ಮಾತ್ರ ನ್ಯೂಕ್ಲಿಯಸ್: ಕದಿರಿನ ಆಕಾರದ ಕೋಶವನ್ನು ತುದಿಯಲ್ಲಿ ಕೊಯ್ದರೆ ಸಣ್ಣ ಚುಕ್ಕೆ, ನಡುವಿನಲ್ಲಿ ಕೊಯ್ದರೆ ದೊಡ್ಡದು. ಅಭ್ಯಾಸಕ್ಕೆ ಅನ್ನನಾಳದ ಸ್ಲೈಡ್ ತೆಗೆದುಕೊಳ್ಳಿ. ಮೇಲಿನ ಮೂರನೇ ಒಂದು ಭಾಗದ ಗೋಡೆಯಲ್ಲಿ ಅಸ್ಥಿ ಸ್ನಾಯು, ಕೆಳಗಿನದರಲ್ಲಿ ನಯ ಸ್ನಾಯು, ನಡುವಿನದರಲ್ಲಿ ಎರಡೂ ಅಕ್ಕಪಕ್ಕ. ಕೆಳಭಾಗದ ಅಡ್ಡ ಸೀಳಿನಲ್ಲಿ ಸ್ನಾಯುವಿನ ಒಳಪದರದ ಕೋಶಗಳು ನಾಳವನ್ನು ಸುತ್ತುವುದರಿಂದ ಉದ್ದಕ್ಕೆ ಕಾಣುತ್ತವೆ, ಹೊರಪದರದವು ನಾಳದುದ್ದಕ್ಕೆ ಸಾಗುವುದರಿಂದ ಚುಕ್ಕೆಗಳಾಗಿ ಕಾಣುತ್ತವೆ.