ಮಾಲ್ಡೀವ್ಸ್: ಮೊದಲು ದ್ವೀಪ, ಆಮೇಲೆ ವಿಮಾನದ ಟಿಕೆಟ್

ಮಾಲ್ಡೀವ್ಸ್ ಪ್ರವಾಸಕ್ಕೆ ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ತಂಗುವ ದ್ವೀಪವನ್ನು ನಿಶ್ಚಯಿಸಿಕೊಳ್ಳಿ. ಅಲ್ಲಿಗೆ ಸೀಪ್ಲೇನ್‌ನಲ್ಲೇ ಹೋಗಬೇಕಾಗಿದ್ದರೆ, ರಾಜಧಾನಿ ಮಾಲೆಯ ಪಕ್ಕದ ವೇಲಾನಾ ವಿಮಾನ ನಿಲ್ದಾಣದಲ್ಲಿ ಮಧ್ಯಾಹ್ನ 3 ಗಂಟೆಯೊಳಗೆ ಇಳಿಯುವ ವಿಮಾನವನ್ನೇ ಆರಿಸಿಕೊಳ್ಳಿ. ನೀರಿನ ಮೇಲೆ ಇಳಿಯುವ ಈ ಪುಟ್ಟ ವಿಮಾನಗಳನ್ನು ಪೈಲಟ್‌ಗಳು ಅಲೆಗಳನ್ನು ಕಣ್ಣಾರೆ ನೋಡಿಕೊಂಡು ಇಳಿಸಬೇಕಾದ್ದರಿಂದ ಅವು ಹಗಲಿನಲ್ಲಿ ಮಾತ್ರ ಹಾರುತ್ತವೆ, ಮತ್ತು ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ ಆ ದೇಶದಲ್ಲಿ ವರ್ಷವಿಡೀ ಸಂಜೆ 6ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ತಡವಾಗಿ ಇಳಿದವರು ನಿಲ್ದಾಣದ ಹತ್ತಿರದ ದ್ವೀಪವಾದ ಹುಲ್ಹುಮಾಲೆಯಲ್ಲೋ ಮಾಲೆಯಲ್ಲೋ ರಾತ್ರಿ ಕಳೆಯಬೇಕಾಗುತ್ತದೆ. ರೆಸಾರ್ಟಿನ ಆ ರಾತ್ರಿಯ ಬಾಡಿಗೆ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಅಗ್ಗದ ಟಿಕೆಟಿನ ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತೆನ್ನಿ. ಮರಳುವಾಗಲೂ ಇದೇ ಲೆಕ್ಕ: ನಸುಕಿನಲ್ಲಿ ಹೊರಡುವ ವಿಮಾನವಿದ್ದರೆ ಹಿಂದಿನ ದಿನವೇ ದ್ವೀಪ ಬಿಡಬೇಕು. ಸ್ಪೀಡ್‌ಬೋಟಿನಲ್ಲಿ ತಲುಪಬಹುದಾದ ಹತ್ತಿರದ ದ್ವೀಪಗಳಿಗೆ ಈ ಎಚ್ಚರಿಕೆ ಅಷ್ಟಾಗಿ ಅನ್ವಯಿಸದು, ಏಕೆಂದರೆ ಅನೇಕ ಬೋಟುಗಳು ಕತ್ತಲಾದ ಮೇಲೂ ಓಡುತ್ತವೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ನೈಋತ್ಯ ಮಾರುತದ ಕಾಲದಲ್ಲಿ ಮಾತ್ರ ಹೊತ್ತಿಗೆ ಸರಿಯಾಗಿ ಇಳಿದರೂ ಮಳೆಗಾಳಿಗೆ ಸೀಪ್ಲೇನ್ ಹೊರಡುವುದು ತಡವಾಗಬಹುದು. ಸ್ಥಳೀಯರ ದ್ವೀಪಗಳಿಗೆ ಸಾರ್ವಜನಿಕ ಫೆರಿಯಲ್ಲಿ ಹೋಗುವವರು ಸಮಯದ ಬದಲು ವಾರವನ್ನು ನೋಡಿಕೊಳ್ಳಬೇಕು: ಶುಕ್ರವಾರ ಅಲ್ಲಿ ರಜೆ, ಹೆಚ್ಚಿನ ಫೆರಿಗಳು ಅಂದು ಓಡುವುದಿಲ್ಲ.