ಈ ಅಕ್ಷರಗಳಿರುವ ಇಂಗ್ಲಿಷ್ ಪದ ಯಾವುದು? ಹುಡುಕುವುದು ಹೀಗೆ

ಆರನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ಒಮ್ಮೆ ಹೋಂವರ್ಕಿನಲ್ಲಿ ಆರು ಅಕ್ಷರ ಕೊಟ್ಟಿದ್ದರು: ಟಿ, ಎನ್, ಇ, ಎಲ್, ಐ, ಎಸ್. ಇವನ್ನು ಜೋಡಿಸಿ ಎರಡು ಪದ ಮಾಡಬೇಕಿತ್ತು. 'ಸೈಲೆಂಟ್' ಒಂದೇ ನಿಮಿಷಕ್ಕೆ ಸಿಕ್ಕಿತು. ಇನ್ನೊಂದಕ್ಕೆ ಅರ್ಧ ಗಂಟೆ ಒದ್ದಾಡಿದಳು. ಅದು 'ಲಿಸನ್'. ಆ ಪದ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಹೇಳುವಾಗ ಅದರಲ್ಲಿ ಟಿ ಕೇಳಿಸುವುದೇ ಇಲ್ಲ, ಅಲ್ವಾ? ಅವಳು ಪದವನ್ನು ಕಿವಿಯಲ್ಲಿ ಹುಡುಕುತ್ತಿದ್ದಳು.

ಕನ್ನಡ ಓದಿ ಬೆಳೆದ ನಮಗೆಲ್ಲ ಈ ತೊಡಕು ಇದ್ದದ್ದೇ. ನಾವು ಹೆಚ್ಚುಕಡಿಮೆ ನುಡಿದಂತೆಯೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಟಿ-ಐ-ಒ-ಎನ್ ಎಂದು ಬರೆದು 'ಶನ್' ಎನ್ನಬೇಕು. ಹಾಗಾಗಿ ಈ ಆಟದಲ್ಲಿ ಉಚ್ಚಾರಣೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಇದು ಕಣ್ಣಿನ ಕೆಲಸ.

ಮೊದಲು ಪ್ರಶ್ನೆ ಏನು ಕೇಳುತ್ತಿದೆ ಎಂದು ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಕೊಟ್ಟ ಅಕ್ಷರಗಳನ್ನೆಲ್ಲ ಬಳಸಬೇಕು, ಬೇರೆ ಯಾವುದೂ ಸೇರಬಾರದು ಎನ್ನುವುದು ಒಂದು ಬಗೆ. ಮೇಲಿನ ಹೋಂವರ್ಕ್ ಅಂಥದ್ದು. ಸ್ಕ್ರ್ಯಾಬಲ್ ಆಟದಲ್ಲಿ ನಿಮ್ಮ ಕೈಯಲ್ಲಿ ಏಳು ಅಕ್ಷರ ಇರುತ್ತವೆ, ಅದರಲ್ಲಿ ಕೆಲವನ್ನಷ್ಟೇ ಬಳಸಿದರೂ ನಡೆಯುತ್ತದೆ. ಮೂರನೆಯದರಲ್ಲಿ ಕೊಟ್ಟ ಅಕ್ಷರಗಳು ಪದದೊಳಗೆ ಎಲ್ಲಾದರೂ ಇದ್ದರೆ ಸಾಕು, ಜೊತೆಗೆ ಬೇರೆಯವೂ ಬರಬಹುದು. 'ಐದೂ ಸ್ವರಗಳಿರುವ ಪದ ಹೇಳಿ' ಎಂದು ಕೇಳುತ್ತಾರಲ್ಲ, ಹಾಗೆ. ಅದಕ್ಕೆ ಎಲ್ಲರೂ 'ಎಜುಕೇಶನ್' ಎನ್ನುತ್ತಾರೆ. ನಮ್ಮ ಅಡುಗೆಮನೆಯ 'ಕಾಲಿಫ್ಲವರ್' ಕೂಡ ಸರಿಯಾದ ಉತ್ತರವೇ. ಬರೆದು ನೋಡಿ, ಎ, ಯು, ಐ, ಒ, ಇ ಐದೂ ಒಂದೊಂದು ಸಲ ಬರುತ್ತವೆ.

ಎಲ್ಲ ಅಕ್ಷರ ಬಳಸಬೇಕಾದಾಗ

ಏಳು ಬೇರೆ ಬೇರೆ ಅಕ್ಷರಗಳನ್ನು 5,040 ರೀತಿಯಲ್ಲಿ ಜೋಡಿಸಬಹುದು. ಒಂದಕ್ಕೆ ಒಂದು ಸೆಕೆಂಡ್ ಹಿಡಿದರೂ 84 ನಿಮಿಷ ಬೇಕು. ಸುಮ್ನೆ ಹಿಂದೆಮುಂದೆ ಮಾಡುತ್ತಾ ಕೂತರೆ ಆಗುವುದಿಲ್ಲ. ಅದರ ಬದಲು ಪದದ ಬಾಲ ಹಿಡಿಯಿರಿ.

ಎ, ಇ, ಐ, ಎನ್, ಆರ್, ಎಸ್, ಟಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಸಾಲಾಗಿ ಬರೆಯಬೇಡಿ. ಒಂದು ಹಾಳೆಯ ಮೇಲೆ ದುಂಡಗೆ, ಗಡಿಯಾರದ ಅಂಕಿಗಳ ಹಾಗೆ ಬರೆಯಿರಿ. ಸಾಲಾಗಿ ಬರೆದರೆ ಕಣ್ಣು ಮತ್ತೆ ಮತ್ತೆ ಅದೇ ಕ್ರಮದಲ್ಲಿ ಓದುತ್ತದೆ. ಈಗ ಕೊನೆಯಲ್ಲಿ ಬರುವ ಜೋಡಿಗಳನ್ನು ಹೊರಗೆ ತೆಗೆಯಿರಿ. ಇ-ಆರ್ ತೆಗೆದರೆ ಎ, ಐ, ಎನ್, ಎಸ್, ಟಿ ಉಳಿಯುತ್ತವೆ. ಅದರಲ್ಲಿ 'ಸ್ಟೇನ್' ಇದೆ. ಬಾಲ ಅಂಟಿಸಿದರೆ 'ಸ್ಟೇನರ್'. ಐ-ಇ-ಆರ್ ತೆಗೆದು ಉಳಿದ ನಾಲ್ಕನ್ನು ಎನ್-ಎ-ಎಸ್-ಟಿ ಎಂದು ಜೋಡಿಸಿದರೆ 'ನ್ಯಾಸ್ಟಿಯರ್'. ಬಹುವಚನದ ಎಸ್ ಒಂದನ್ನೇ ತೆಗೆಯಿರಿ, 'ರೆಟಿನಾ' ಕಾಣುತ್ತದೆ, ಎಸ್ ಮತ್ತೆ ಅಂಟಿಸಿದರೆ 'ರೆಟಿನಾಸ್'. ತಲೆಯ ಕಡೆ ಆರ್-ಇ ಇಟ್ಟು ನೋಡಿ, 'ರಿಟೇನ್ಸ್'. ನಾಲ್ಕು ಪದಗಳಲ್ಲೂ ಅವೇ ಏಳು ಅಕ್ಷರ. ಕೇಳಲು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಐ-ಎನ್-ಜಿ, ಇ-ಡಿ, ಟಿ-ಐ-ಒ-ಎನ್, ಎ-ಬಿ-ಎಲ್-ಇ ಇವನ್ನೂ ಬಾಲದ ಪಟ್ಟಿಗೆ ಸೇರಿಸಿಕೊಳ್ಳಿ. ತಲೆಗೆ ಆರ್-ಇ, ಯು-ಎನ್. ನಡುವೆ ಎಸ್-ಎಚ್, ಸಿ-ಎಚ್, ಟಿ-ಎಚ್ ಜೋಡಿ.

ಬೇರೆ ಅಕ್ಷರವೂ ಸೇರಬಹುದಾದಾಗ

ಇಲ್ಲಿ ಅಪರೂಪದ ಅಕ್ಷರದಿಂದ ಶುರು ಮಾಡಿ. ಯಾವುದು ಅಪರೂಪ? ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದರು. ಅವರು ಕಟ್ಟಿದ ಆಟವೇ ಮುಂದೆ ಸ್ಕ್ರ್ಯಾಬಲ್ ಆಯಿತು. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12 ಬಿಲ್ಲೆ. ಜೆ, ಕೆ, ಕ್ಯೂ, ಎಕ್ಸ್, ಝಡ್ ಒಂದೊಂದೇ.

ಈಗ ಎಕ್ಸ್, ವೈ, ಜಿ ಮೂರೂ ಇರುವ ಪದ ಹುಡುಕೋಣ. ಜಿ ಹಿಡಿದರೆ ಸಾವಿರಾರು ಪದ ಬರುತ್ತವೆ. ಎಕ್ಸ್ ಹಿಡಿಯಿರಿ. ಅದು ಹೆಚ್ಚಾಗಿ ಸ್ವರದ ಬೆನ್ನಿಗೆ ಬರುತ್ತದೆ: ಎ-ಎಕ್ಸ್, ಇ-ಎಕ್ಸ್, ಒ-ಎಕ್ಸ್. ವೈ ಪದದ ಕೊನೆಯಲ್ಲಿ ನಿಲ್ಲುವುದು ಜಾಸ್ತಿ. ಎರಡನ್ನೂ ಕೂಡಿಸಿ, ಎ-ಎಕ್ಸ್-ವೈ. ಅದಕ್ಕೂ ಮೊದಲು ಎಲ್ಲೋ ಒಂದು ಜಿ ಬೇಕು. 'ಗ್ಯಾಲಕ್ಸಿ' ಸಿಕ್ಕಿತು. ಒ-ಎಕ್ಸ್-ವೈ ಹಿಡಿದು ಹೊರಟರೆ 'ಆಕ್ಸಿಜನ್'.

ಕಂಪ್ಯೂಟರಿನ ಸಹಾಯ

ಎನೇಬಲ್ ಎಂಬ ಇಂಗ್ಲಿಷ್ ಪದಪಟ್ಟಿ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 1.7 ಲಕ್ಷಕ್ಕೂ ಹೆಚ್ಚು ಪದಗಳಿವೆ. ಎಕ್ಸೆಲ್‌ನ ಒಂದೇ ಕಾಲಮ್ಮಿಗೆ ಅದನ್ನು ಪೇಸ್ಟ್ ಮಾಡಿ, ಮೇಲೆ ಒಂದು ತಲೆಬರಹ ಕೊಡಿ. ಡೇಟಾ ಮೆನುವಿನಲ್ಲಿ ಫಿಲ್ಟರ್ ಒತ್ತಿ, ಟೆಕ್ಸ್ಟ್ ಫಿಲ್ಟರ್ಸ್‌ನಲ್ಲಿ 'ಕಂಟೇನ್ಸ್' ಆರಿಸಿ, ಮೊದಲ ಅಕ್ಷರ ಹಾಕಿ. ಅದೇ ಕಿಟಕಿಯಲ್ಲಿ 'ಆ್ಯಂಡ್' ಗುರುತು ಮಾಡಿ ಎರಡನೇ ಅಕ್ಷರವನ್ನೂ ಹಾಕಬಹುದು. ಮೂರನೆಯದಕ್ಕೆ, ಸಿಕ್ಕ ಪದಗಳನ್ನು ಹೊಸ ಹಾಳೆಗೆ ಕಾಪಿ ಮಾಡಿ ಮತ್ತೆ ಸೋಸಿ.

ಒಂದು ಎಚ್ಚರಿಕೆ. ಪ್ರಶ್ನೆಯಲ್ಲಿ ಇ ಎರಡು ಸಲ ಇದ್ದರೆ, ಅದನ್ನು ಎರಡು ಸಲ ಸೋಸಿದರೆ ಉಪಯೋಗವಿಲ್ಲ. ಒಂದೇ ಇ ಇರುವ ಪದವೂ ಎರಡು ಸಲವೂ ಪಾಸಾಗುತ್ತದೆ. ಎರಡು ಇ ನಡುವೆ ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ಟೈಪ್ ಮಾಡಿ. ಆ ಚಿಹ್ನೆಯ ಜಾಗದಲ್ಲಿ ಏನಾದರೂ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದು ಎಕ್ಸೆಲ್ ತಿಳಿಯುತ್ತದೆ.

ಎಲ್ಲ ಅಕ್ಷರ ಬಳಸುವ ಪ್ರಶ್ನೆಗೆ ಕಂಪ್ಯೂಟರ್ ಮಾಡುವ ಉಪಾಯ ಬೇರೆ. ಅದು ಪ್ರತಿ ಪದದ ಅಕ್ಷರಗಳನ್ನೂ ಎ-ಬಿ-ಸಿ ಕ್ರಮಕ್ಕೆ ತರುತ್ತದೆ. 'ಲಿಸನ್', 'ಸೈಲೆಂಟ್' ಎರಡೂ ಆಗ ಇ-ಐ-ಎಲ್-ಎನ್-ಎಸ್-ಟಿ ಆಗುತ್ತವೆ. ನೀವು ಕೊಟ್ಟ ಅಕ್ಷರಗಳನ್ನೂ ಹಾಗೆಯೇ ಜೋಡಿಸಿ, ಯಾವುದು ತಾಳೆಯಾಗುತ್ತದೆ ಎಂದು ನೋಡಿದರೆ ಮುಗಿಯಿತು. ಇದನ್ನು ಮಕ್ಕಳಿಗೂ ಕಲಿಸಬಹುದು. ಹೊಸ ಪದ ಕಂಡಾಗಲೆಲ್ಲ ಅದರ ಅಕ್ಷರಗಳನ್ನು ಕ್ರಮವಾಗಿ ಬರೆದು, ಎದುರಿಗೆ ಪದ ಬರೆದಿಡಲಿ. ನನ್ನ ಮಗಳ ನೋಟ್‌ಬುಕ್ಕಿನಲ್ಲಿ ಇ-ಐ-ಎಲ್-ಎನ್-ಎಸ್-ಟಿ ಎದುರು ಈಗ ಇನ್ನೂ ಎರಡು ಪದ ಸೇರಿವೆ: 'ಟಿನ್ಸೆಲ್' ಮತ್ತು 'ಎನ್‌ಲಿಸ್ಟ್'.