ಚಕ್‌ಬಂದಿ ಹಿಡಿದು ಬೆಳಗಾವಿಯ ಹಳೇ ಹೆದ್ದಾರಿ ಹುಡುಕಿದ್ದು: ನನ್ನ ಅನುಭವ

ರಾಯಚೂರು–ಬಾಚಿ ರಾಜ್ಯ ಹೆದ್ದಾರಿ ಬೆಳಗಾವಿ ಊರೊಳಗೆ ಮೊದಲು ಎಲ್ಲಿ ಹಾಯುತ್ತಿತ್ತು ಅನ್ನುವುದನ್ನು ಮನೆಗಳ ಹಳೇ ಖರೀದಿ ಪತ್ರಗಳ ಚಕ್‌ಬಂದಿಯಿಂದ (ಜಾಗದ ನಾಲ್ಕೂ ದಿಕ್ಕಿಗೆ ಏನಿದೆ ಅಂತ ಬರೆದ ಸಾಲುಗಳು) ಗೆರೆ ಎಳೆದು ತೋರಿಸುತ್ತೇನೆ ಅಂದಾಗ, ನಮ್ಮ ನಕಾಶೆ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಚಕ್‌ಬಂದಿ ಬರೆಯುವವರು ನೆಲ ನೋಡಿರುವುದಿಲ್ಲ, ಹಿಂದಿನ ಪತ್ರ ನೋಡಿ ನಕಲು ಹೊಡೆಯುತ್ತಾರೆ, ಅದನ್ನು ನಂಬಿ ರಸ್ತೆ ಹೇಗೆ ಎಳೆಯುತ್ತೀ?" ಅಂದರು. ನಕಲು ಹೊಡೆಯುತ್ತಾರೆ ಅನ್ನುವುದು ನಿಜ. ನನ್ನ ಕೆಲಸ ನಿಂತಿರುವುದೇ ಆ ನಕಲಿನ ಮೇಲೆ. 1970ರ ಸುಮಾರಿನ ಪತ್ರದಲ್ಲಿ ಅದರ ಅಜ್ಜ-ಪತ್ರದ ರಸ್ತೆ ಹಾಗೇ ಕೂತಿರುತ್ತದೆ. ನೆಲದ ಮೇಲೆ ಅಳಿಸಿಹೋದದ್ದು ಕಾಗದದಲ್ಲಿ ಅಳಿದಿರುವುದಿಲ್ಲ. ಗೆರೆ ಈಗ ಕೂಡಿದೆ, ಅನುಮಾನ ಪಟ್ಟವರೇ ಅದನ್ನು ತಮ್ಮ ನಕಾಶೆಗೆ ಹಾಕಿಕೊಳ್ಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತಿನ ದಾರಿ ಎಲ್ಲರಿಗೂ ಗೊತ್ತು. ಪಶ್ಚಿಮಕ್ಕೆ ಮಹಾರಾಷ್ಟ್ರ ಗಡಿಯಲ್ಲಿರುವ ಬಾಚಿ ಕಡೆಯಿಂದ ಬಂದ ಗಾಡಿ ವೆಂಗುರ್ಲಾ ರಸ್ತೆಯಲ್ಲಿ ಹಿಂಡಲಗಾ ದಾಟಿ, ಗಣಪತಿ ಗುಡಿ, ಕ್ಲಬ್ ರೋಡ್ ಹಿಡಿದು ಚನ್ನಮ್ಮ ವೃತ್ತಕ್ಕೆ ಬರುತ್ತದೆ. ಅಲ್ಲಿಂದ ಕೋಟೆ ಕೆರೆಯ ಮಗ್ಗುಲಲ್ಲಿ ಗಾಂಧಿನಗರ, ಆಮೇಲೆ ಸಾಂಬ್ರಾ ರಸ್ತೆ, ಮುಂದೆ ನೇಸರಗಿ, ಯರಗಟ್ಟಿ, ಲೋಕಾಪುರ, ಬಾಗಲಕೋಟೆ. ಊರೊಳಗಿನ ತುಂಡು ಹೆಚ್ಚೆಂದರೆ ಏಳೆಂಟು ಕಿಲೋಮೀಟರ್. ಇಷ್ಟು ಗಿಡ್ಡ ತುಂಡಿಗೆ ಎರಡು ಮಳೆಗಾಲ ಹೋಯಿತು.

ಮೊದಲು ಎಲ್ಲರ ಹಾಗೆ ಟೋಪೋಶೀಟಿನಿಂದಲೇ, ಅಂದರೆ ಸರ್ವೆ ಆಫ್ ಇಂಡಿಯಾದ ನಕಾಶೆ ಹಾಳೆಯಿಂದಲೇ ಹೊರಟೆ. ಬೆಳಗಾವಿಯ ಮಟ್ಟಿಗೆ ಅದು ದೊಡ್ಡ ಭಾನಗಡಿ. ಪೂರ್ವ ರೇಖಾಂಶ 74 ಡಿಗ್ರಿ 30 ಮಿನಿಟು ಊರ ಮೇಲೇ ಹಾಯುತ್ತದೆ. ಹಾಗಾಗಿ ಹಿಂಡಲಗಾ ಕಡೆ 48 ಐ/5 ನಂಬರಿನ ಹಾಳೆಯಲ್ಲಿ, ಕೋಟೆ ಮತ್ತು ಸಾಂಬ್ರಾ ಕಡೆ 48 ಐ/9ರಲ್ಲಿ. ನಮಗೆ ಬೇಕಾದ ರಸ್ತೆ ಹಾಳೆಯ ಅಂಚಿನಲ್ಲೇ ಕತ್ತರಿಸಿಹೋಗುತ್ತದೆ. ನನ್ನ ಸ್ಕ್ಯಾನುಗಳಲ್ಲಿ ಎರಡು ಹಾಳೆ ಜೋಡಿಸಿದರೆ ಗೆರೆ ಗೆರೆಗೆ ಕೂಡಲಿಲ್ಲ. ಕೋಟೆಯ ಕಂದಕದ ಮೂಲೆಗಳು ಮತ್ತು ಕಮಲ ಬಸದಿ ಜಾಗ ಬಿಟ್ಟು ಅಲ್ಲಾಡುವುದಿಲ್ಲವಲ್ಲ, ಅವನ್ನೇ ಹಿಡಿದು ಹಾಳೆಗಳನ್ನು ಈಗಿನ ನಕಾಶೆಯ ಮೇಲೆ ಕೂರಿಸಿದೆ. ಪೂರ್ವದ ಹಾಳೆ ಚೆನ್ನಾಗಿ ಕೂತಿತು, ಪಶ್ಚಿಮದ್ದು ಕೂರಲಿಲ್ಲ. ಅಲ್ಲಿ ಅಷ್ಟು ಹಳೆಯ, ಅಷ್ಟು ಗಟ್ಟಿ ಗುರುತು ನನಗೆ ಸಿಗಲಿಲ್ಲ. ಕೂತಿದ್ದರೂ ಅಷ್ಟಕ್ಕಷ್ಟೇ. ಇಂಚಿಗೆ ಮೈಲಿ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಅಂದರೆ ನೆಲದ ಮೇಲೆ ಮೂವತ್ತು ಮೀಟರಿಗಿಂತ ಹೆಚ್ಚು. ರಸ್ತೆ ಗಲ್ಲಿಯ ಈಚೆಗೋ ಆಚೆಗೋ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಸ್ಕ್ಯಾನು, ದೊಡ್ಡ ಪ್ರಿಂಟು ಅಂತ ಮೂರು ಸಾವಿರದ ಹತ್ತಿರ ಅಲ್ಲೇ ಹೋಯಿತು.

ಮಾಹಿತಿ ಹಕ್ಕಿನಲ್ಲೂ ಕೇಳಿದೆ. ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ, ದುಡ್ಡಿನ ಲೆಕ್ಕದಲ್ಲಿ ಅದೇ ಅಗ್ಗ. ಬಂದ ಉತ್ತರ: ಕಡತ ಲಭ್ಯವಿಲ್ಲ. ಡ್ರೋನಿನವನೊಬ್ಬ ಮೇಲಿಂದ ತೆಗೆದುಕೊಡುತ್ತೇನೆ ಅಂತ ನಾಲ್ಕು ಸಾವಿರ ಮುಂಗಡ ತೆಗೆದುಕೊಂಡು ಹೋದ. ಒಂದು ಕಡೆ ದಂಡು ಪ್ರದೇಶ, ಇನ್ನೊಂದು ಕಡೆ ವಿಮಾನ ನಿಲ್ದಾಣ ಇರುವ ಊರಲ್ಲಿ ಅನುಮತಿ ಎಲ್ಲಿಂದ ಬರಬೇಕು? ಆ ದುಡ್ಡು ಇವತ್ತಿಗೂ ವಾಪಸ್ ಬಂದಿಲ್ಲ.

ಆಮೇಲೆ ಪತ್ರಗಳಿಗೆ ಇಳಿದೆ. ಮಾಡಿದ್ದು ಇಷ್ಟೆ. ಈ ಕಡೆ ಮನೆಯ ಪತ್ರದಲ್ಲಿ "ಉತ್ತರಕ್ಕೆ ಸರಕಾರಿ ಸಡಕು" ಅಂತಿದ್ದು, ಎದುರು ಮನೆಯದರಲ್ಲಿ "ದಕ್ಷಿಣಕ್ಕೆ ಸರಕಾರಿ ಸಡಕು" ಅಂತಿದ್ದರೆ, ರಸ್ತೆ ಆ ಎರಡರ ನಡುವೆ ಸಿಕ್ಕಿಬಿತ್ತು. ಅಂಥ ಒಂದೊಂದು ಜೋಡಿಯೂ ಒಂದು ಗೂಟ. ಗೂಟ ಸಾಕಷ್ಟಾದರೆ ಗೆರೆ ತಾನೇ ಬರುತ್ತದೆ. ಒಂದೇ ಕಡೆಯ ಪತ್ರ ಸಿಕ್ಕಿದಲ್ಲಿ ಕ್ಷೇತ್ರಫಲ ಕೈ ಹಿಡಿಯುತ್ತದೆ. ನಮ್ಮದು ಮುಂಬಯಿ ಪ್ರಾಂತದ ಅಳತೆ, ಗುಂಟೆ ಅಂದರೆ 33 ಅಡಿ ಚೌಕ, 1089 ಚದರ ಅಡಿ, ಅದರ ಹದಿನಾರನೇ ಒಂದು ಪಾಲು ಆಣೆ. ಗುಂಟೆ-ಆಣೆಯನ್ನು ಅಡಿಗೆ ಇಳಿಸಿ, ಮುಖದ ಅಗಲದಿಂದ ಭಾಗಿಸಿದರೆ ಜಾಗ ಎಷ್ಟು ಆಳ ಅನ್ನುವುದು ಬರುತ್ತದೆ. ಹಿಂದಿನ ಗೋಡೆಯಿಂದ ಅಳೆದರೆ ಹಳೇ ರಸ್ತೆಯ ಅಂಚು. ರಸ್ತೆ ಅಗಲವಾಗುವಾಗ ಮುಂದಿನ ಗೋಡೆ ಒಡೆದಿರುತ್ತಾರೆ, ಹಿಂದಿನದನ್ನು ಯಾರೂ ಮುಟ್ಟಿರುವುದಿಲ್ಲ.

ಸಿ.ಟಿ.ಎಸ್. ಉತಾರ (ಊರಿನ ಸರ್ವೆ ದಾಖಲೆಯ ನಕಲು) ತೆಗೆಸಿ ಗೂಟಗಳಿಗೆ ತಾಳೆ ನೋಡುವುದನ್ನು ಮರೆಯಬೇಡಿ. ಉಪನೋಂದಣಿ ಕಚೇರಿಯಲ್ಲಿ ಹುಡುಕುವಾಗ ಹೆಸರಿನ ಇಂಡೆಕ್ಸ್ ಬಿಟ್ಟು ಆಸ್ತಿಯ ಇಂಡೆಕ್ಸ್, ಅಂದರೆ ಎರಡನೆಯದನ್ನು ಹಿಡಿಯಿರಿ. ಖರೀದಿ ಪತ್ರಕ್ಕಿಂತ ವಾಟಣಿ ಪತ್ರ ಒಳ್ಳೆಯದು. ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಒಂದಡಿಯನ್ನೂ ಬಿಡುವುದಿಲ್ಲವಾದ್ದರಿಂದ ಅಳತೆ ಖಡಕ್ಕಾಗಿರುತ್ತದೆ. ಹಳೇ ಪತ್ರ ಇಟ್ಟುಕೊಂಡ ಮನೆಗಳನ್ನು ಹೇಗೆ ಗುರುತು ಹಿಡಿದೆ, ಪತ್ರ ಕೈಗೆ ಕೊಡುವಷ್ಟು ನಂಬಿಕೆ ಹೇಗೆ ಬಂತು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಸ್ವಂತ ದುಡಿಮೆ. ಗೂಟಗಳ ಪಟ್ಟಿಯನ್ನೂ ಹಾಕುವುದಿಲ್ಲ, ಅವು ಜನರ ಮನೆಗಳು.

ಹೆಚ್ಚು ದುಡ್ಡು ತಿಂದದ್ದು ಮೋಡಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೇ ಕೂಡುಬರಹದ ಲಿಪಿ. 1956ರ ತನಕ ನಾವು ಮುಂಬಯಿಗೆ ಸೇರಿದ್ದವರು, ಅದಕ್ಕಿಂತ ಹಿಂದಿನ ಪತ್ರಗಳಲ್ಲಿ ಮೋಡಿ ಲಿಪಿ ಸಾಕಷ್ಟು. ಓದುವವರು ಊರಲ್ಲಿ ಬೆರಳೆಣಿಕೆ, ಪುಟಕ್ಕೆ ಇನ್ನೂರೈವತ್ತು-ಮುನ್ನೂರು. ನಾನು ಆಮೇಲೆ ಇಡೀ ಪತ್ರ ಓದಿಸುವುದನ್ನು ಬಿಟ್ಟೆ. ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ, ಸಡಕ್, ಇಷ್ಟನ್ನು ಮೋಡಿಯಲ್ಲಿ ಗುರುತಿಸಲು ನಾನೇ ಕಲಿತೆ. ಚಕ್‌ಬಂದಿಯ ನಾಲ್ಕು ಸಾಲಿನ ಫೋಟೋ ಮಾತ್ರ ಓದಿಸಿದೆ. ಖರ್ಚು ಮೂರನೇ ಒಂದು ಪಾಲಿಗೆ ಇಳಿಯಿತು. ಎಲ್ಲ ಸೇರಿ ಇಪ್ಪತ್ತು-ಇಪ್ಪತ್ತೆರಡು ಸಾವಿರ ಆಗಿರಬೇಕು, ಪೆಟ್ರೋಲು ಬಿಟ್ಟು.

ಕ್ಯಾಂಪಿನ, ಅಂದರೆ ದಂಡು ಪ್ರದೇಶದ ತುಂಡಿನಲ್ಲಿ ಈ ವಿದ್ಯೆ ನಡೆಯಲಿಲ್ಲ. ದಂಡಿನ ಜಮೀನು ಕೈಯಿಂದ ಕೈಗೆ ಮಾರಾಟವಾಗುವುದಿಲ್ಲ, ಪತ್ರವೇ ಇಲ್ಲ. ಅಲ್ಲಿ ಮೈಲಿಗಲ್ಲು, ಮೋರಿ, ಮರಗಳ ಸಾಲು ನೋಡಬೇಕಾಯಿತು. ಮರದ ವಯಸ್ಸು ಕಂಡುಹಿಡಿಯೋಣ ಅಂತ ಸುತ್ತಳತೆ ಹಿಡಿದು ಬಹಳ ತಿರುಗಿದೆ. ಆಲಕ್ಕೆ ಆ ಲೆಕ್ಕ ಹೊಂದುವುದಿಲ್ಲ, ಬಿಳಲೂ ಬೊಡ್ಡೆಯೂ ಒಂದಾಗಿರುತ್ತವೆ. ಆದರೆ ಮರ ನಿಂತ ಸಾಲು ಉಪಯೋಗಕ್ಕೆ ಬಂತು. ಎರಡು ಕಡೆಯ ಸಾಲಿನ ನಟ್ಟನಡುವೆ ಹಗ್ಗ ಹಿಡಿದರೆ ಹಳೇ ರಸ್ತೆಯ ನಡು. ಎರಡು ಜಾಗಗಳಲ್ಲಿ ಈಗಿನ ಡಾಂಬರಿನ ನಡು ಅದಕ್ಕಿಂತ ಹತ್ತು ಹನ್ನೆರಡು ಅಡಿ ಸರಿದಿದೆ.

ಮೈಲಿಗಲ್ಲಿಗೆ ಸೈಕಲ್ ಚಕ್ರದ ಪ್ರಯೋಗ ಮಾಡಿದೆ. ಚಕ್ರದ ಸುತ್ತಳತೆ ಬರೆದುಕೊಂಡು ಸುತ್ತು ಎಣಿಸುವುದು, ಅಷ್ಟೇ. ತಲೆಗೆ ಹಸಿರು ಬಳಿದ ಕಲ್ಲು ಕಂಡರೆ ಅದು ರಾಜ್ಯ ಹೆದ್ದಾರಿಯದು ಅಂತ ಎಲ್ಲರೂ ಬಲ್ಲರು, ಆದರೆ ಬಣ್ಣದ ಕೆಳಗಿನ ಕಲ್ಲು ಯಾವ ಕಾಲದ್ದು? ಅಂತರ ಹೇಳುತ್ತದೆ. ಒಂದು ಕಿಲೋಮೀಟರಿಗೆ ಬಾರದೆ 1.6ರ ಹತ್ತಿರ ಬಂದರೆ ಅದು ಮೈಲಿ ಕಾಲದ ಕಲ್ಲು, ಮೆಟ್ರಿಕ್ ಬರುವ ಮುಂಚಿನದು. ನಡುವಿನ ಗಿಡ್ಡ ಕಲ್ಲುಗಳ ಅಂತರ ಮಾತ್ರ ನಂಬಬೇಡಿ, ಫರ್ಲಾಂಗ್ ಅಂದರೆ 201 ಮೀಟರ್, ಈಗಿನ ಕಲ್ಲು 200 ಮೀಟರಿಗೆ. ಸೈಕಲ್ ಚಕ್ರಕ್ಕೆ ಆ ವ್ಯತ್ಯಾಸ ಸಿಗುವುದಿಲ್ಲ. ಹತ್ತು ಪದರ ಬಣ್ಣದ ಕೆಳಗಿನ ಅಂಕಿ ಓದಲು ಒಂದು ಉಪಾಯ ಇದೆ, ಕಲ್ಲಿಗೆ ಗೀರು ಬೀಳುವುದಿಲ್ಲ. ಬಂದು ಕೂತವರಿಗೆ ತೋರಿಸುತ್ತೇನೆ.

ಇನ್ನು ಸಿಕ್ಕಿದ್ದೇನು ಅನ್ನುವುದು. ಗೆರೆ ಎಲ್ಲಿತ್ತು ಅನ್ನುವುದಕ್ಕಿಂತ ದೊಡ್ಡದು ಸಿಕ್ಕಿತು. ಪಶ್ಚಿಮದ ಪತ್ರಗಳಲ್ಲಿ ಹೆಸರಿರುವ ಕಡೆಯೆಲ್ಲ ವೆಂಗುರ್ಲಾ ರಸ್ತೆ. ಕೋಟೆಯಿಂದ ಪೂರ್ವಕ್ಕೆ ಹೋದರೆ ಹಳೆಯವುಗಳಲ್ಲಿ ಕಲಾದಗಿ ರಸ್ತೆ. 1885ರಲ್ಲಿ ಜಿಲ್ಲಾ ಕಚೇರಿ ವಿಜಯಪುರಕ್ಕೆ ಹೋಗುವ ತನಕ ಕಲಾದಗಿಯೇ ಜಿಲ್ಲಾ ಕೇಂದ್ರ. ಆಮೇಲೂ ಎಷ್ಟೋ ವರ್ಷ ಪತ್ರ ಬರೆಯುವವರು ಆ ಹೆಸರು ಬಿಟ್ಟಿಲ್ಲ, ನಕಲಿನ ಪುಣ್ಯ. ರಾಯಚೂರು ಅನ್ನುವ ಹೆಸರು 1956ಕ್ಕಿಂತ ಹಿಂದಿನ ಒಂದು ಪತ್ರದಲ್ಲೂ ಇಲ್ಲ. ಹೇಗಿರಬೇಕು? ರಾಯಚೂರು ಆಗ ಹೈದರಾಬಾದಿನದು, ನಾವು ಮುಂಬಯಿಯವರು. ಬಾಚಿಯೂ ಆಗ ಕೊನೆಯ ಊರಲ್ಲ, ರಸ್ತೆ ನೆಟ್ಟಗೆ ಸಮುದ್ರ ದಂಡೆಯ ವೆಂಗುರ್ಲೆಗೆ ಇಳಿಯುತ್ತಿತ್ತು. 1956ರ ನವೆಂಬರ್ 1ಕ್ಕೆ ಗಡಿ ಬಾಚಿಯ ಹತ್ತಿರ ಬಿದ್ದದ್ದರಿಂದ ಹೆದ್ದಾರಿಯ ಹೆಸರು ಅಲ್ಲಿಗೆ ನಿಂತಿತು.

ಅಂದರೆ ಇದು ಹುಟ್ಟಿನಿಂದ ಒಂದು ರಸ್ತೆಯಲ್ಲ. ಬಂದರಿನಿಂದ ದಂಡಿಗೆ ಬಂದು ಮುಗಿಯುತ್ತಿದ್ದದ್ದು ಒಂದು, ಕೋಟೆಯಿಂದ ಕಲಾದಗಿಗೆ ಹೊರಡುತ್ತಿದ್ದದ್ದು ಇನ್ನೊಂದು. ರಾಜ್ಯ ಒಂದಾದ ಮೇಲೆ ಎರಡಕ್ಕೂ ಹೊಲಿಗೆ ಹಾಕಿದ್ದು ನಮ್ಮ ಊರಲ್ಲಿ. ಗೂಟಗಳೂ ಅದನ್ನೇ ಹೇಳುತ್ತವೆ. ಎರಡು ತುದಿಗಳಲ್ಲಿ ಗೆರೆ ನೆಟ್ಟಗಿದೆ, ನಡುವೆ ಪುಣೆ–ಬೆಂಗಳೂರು ಹಳೇ ರಸ್ತೆಯನ್ನು ಕೂಡುವಲ್ಲಿ ಮಾತ್ರ ಸೊಟ್ಟ. ಚನ್ನಮ್ಮ ವೃತ್ತದಿಂದ ಕೋಟೆ ಕೆರೆ ತನಕ ದಿನಾ ಗಾಡಿ ಸಿಕ್ಕಿಕೊಳ್ಳುವುದಕ್ಕೆ ಅಲ್ಲಿನ ಅಂಗಡಿಯವರನ್ನು ಬೈಯುವವರು ಈ ಗೆರೆಯನ್ನು ಒಮ್ಮೆ ನೋಡಬೇಕು. ಬಾಗಲಕೋಟೆ ಲಾರಿಯನ್ನು ಕೊಂಕಣಕ್ಕೆ ಕಳಿಸಲು ಅಂತ ಆ ತುಂಡನ್ನು ಯಾರೂ ಕಟ್ಟಿರಲಿಲ್ಲ.

ಈಗ ಮುತಗಾದಿಂದ ಸಾಂಬ್ರಾ ತನಕದ ಗೂಟ ಹಾಕುತ್ತಿದ್ದೇನೆ. ಅಲ್ಲಿ ಮನೆಗಿಂತ ಹೊಲ ಹೆಚ್ಚು, ಪತ್ರಕ್ಕಿಂತ ಪಹಣಿ ಮತ್ತು ಟಿಪ್ಪಣಿ ಪುಸ್ತಕ (ಸರ್ವೆಯವರು ಹೊಲದ ಅಳತೆ ಬರೆದಿಟ್ಟದ್ದು) ನೋಡಬೇಕು, ಅಳತೆ ಇನ್ನೂ ಚೊಕ್ಕಟ ಇರುತ್ತದೆ. ಆ ಕಡೆ ಯಾರ ಮನೆಯಲ್ಲಾದರೂ ಮೋಡಿ ಪತ್ರ ಇದ್ದರೆ ಚಕ್‌ಬಂದಿಯ ನಾಲ್ಕು ಸಾಲಿನ ಫೋಟೋ ಸಾಕು, ಅಸಲು ಪತ್ರ ಮನೆಯಿಂದ ಹೊರಗೆ ತರಬೇಡಿ. ಓದಿಸುವ ಖರ್ಚು ನನ್ನದು.